ಅಟ್ಟದ ಗಂಟು, ಗಾಜಿನ ಕಪಾಟು

ನಮ್ಮ ನಾಡಿನ ಮನೆಗಳಲ್ಲಿ ಹಿರಿಯರಿಂದ ಬಂದ ಪ್ರಾಚೀನ ವಸ್ತುಗಳು ಹಾಳಾಗುವುದಕ್ಕೆ ಎರಡು ಸ್ಥಳಗಳುಂಟು. ಒಂದು ಅಟ್ಟ, ಇನ್ನೊಂದು ಹಜಾರದ ಗಾಜಿನ ಕಪಾಟು. ಅಟ್ಟದ ಮೇಲಿನ ವಸ್ತು ಯಾರ ಕಣ್ಣಿಗೂ ಬೀಳದೆ ಹಾಳಾಗುತ್ತದೆ. ಕಪಾಟಿನ ವಸ್ತು ಎಲ್ಲರ ಕಣ್ಣೆದುರಿಗೇ ಹಾಳಾಗುತ್ತದೆ. ಮೊದಲನೆಯದು ಉದಾಸೀನದ ಫಲ, ಎರಡನೆಯದು ಅಭಿಮಾನದ ಫಲ. ಇವೆರಡರ ನಡುವೆ ಒಂದು ದಾರಿ ಇದೆ. ಅದು ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ತಿಳಿದಿತ್ತು. ಅದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಪ್ರಾಚೀನ ವಸ್ತು ಎಂದೊಡನೆ ಅರಮನೆಯ ಸಿಂಹಾಸನವನ್ನೋ ರತ್ನಖಚಿತವಾದ ಕತ್ತಿಯನ್ನೋ ನೆನೆಯಬೇಕಾಗಿಲ್ಲ. ಓಲೆಗರಿಯ ಒಂದು ಕಟ್ಟು, ಮಡಿಸಿದ ಕಡತ, ಅಕ್ಷರ ಕೊರೆದ ತಾಮ್ರದ ಹಲಗೆ, ತಾತನ ಅಡಕೊತ್ತು, ಎಲೆಯಡಿಕೆಯ ಪೆಟ್ಟಿಗೆ, ಚೆನ್ನೆಮಣೆ, ಧಾನ್ಯ ಅಳೆಯುತ್ತಿದ್ದ ಕೊಳಗ ಬಳ್ಳಗಳು, ಮೈಸೂರು ಸಂಪ್ರದಾಯದ ಒಂದು ಚಿತ್ರಪಟ, ಬಟ್ಟಲು ತುಂಬ ಹಳೆಯ ಕಾಸುಗಳು: ಇಂಥವು ಇಂದಿಗೂ ಎಷ್ಟೋ ಮನೆಗಳಲ್ಲಿವೆ. ಮನೆಯ ಯಜಮಾನರಿಗೆ ಅವುಗಳ ಮೇಲೆ ಪ್ರೀತಿಯೇನೋ ಉಂಟು. ಅವುಗಳನ್ನು ಏನು ಮಾಡಬೇಕೆಂಬುದು ತಿಳಿಯದು.

ಒಂದು ಮನೆಯ ಗಂಟಿಗೆ ಎಷ್ಟು ಬೆಲೆ ಬರಬಲ್ಲುದು ಎಂಬುದಕ್ಕೆ ಮೈಸೂರೇ ಸಾಕ್ಷಿ. 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಯ ಪುಸ್ತಕವನ್ನು ತಂದೊಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ನೋಡಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಉಳಿದು ಗ್ರಂಥ ಕಳೆದೇ ಹೋಯಿತೆಂದು ವಿದ್ವಾಂಸರು ತಿಳಿದಿದ್ದ ಕೃತಿ 1909ರಲ್ಲಿ ಅಚ್ಚಾಗಿ ಲೋಕಕ್ಕೆ ಬಂದಿತು. ಆ ಪಂಡಿತರು ಇನ್ನಷ್ಟು ದಿನ ತಡೆದಿದ್ದರೆ, ಇಲ್ಲವೆ ಮನೆಯವರು ಯಾರಾದರೂ ‘ಈ ಹಳೆಯ ಗರಿಯಿಂದ ಏನು ಪ್ರಯೋಜನ’ ಎಂದಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಇತ್ತ ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿಯನ್ನು ಬದಿಗಿಟ್ಟು ಊರೂರು ತಿರುಗಿ ವಚನಗಳ ಓಲೆಗಳನ್ನು ಕೂಡಿಹಾಕಿದರು. 1923ರಲ್ಲಿ ಹೊರಬಂದ ಅವರ ‘ವಚನಶಾಸ್ತ್ರಸಾರ’ದ ಬೆನ್ನಿಗಿದ್ದದ್ದು ಮನೆಮಠಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳೇ.

ಪೂಜೆ ಎಂದೆನಷ್ಟೆ. ಅದರ ವಿಷಯವನ್ನೂ ಹೇಳಿಬಿಡುತ್ತೇನೆ. ಮಲೆನಾಡಿನ ಒಂದು ಮನೆಗೆ ಹೋಗಿದ್ದಾಗ ಅಲ್ಲಿಯ ಹಿರಿಯ ಗೃಹಿಣಿ ದೇವರ ಕೋಣೆಯಲ್ಲಿದ್ದ ಒಂದು ಕೆಂಪು ಗಂಟನ್ನು ತೋರಿಸಿದರು. ಅದರ ಮೇಲೆ ಅರಿಸಿನ ಕುಂಕುಮಗಳು ದಪ್ಪ ಹಲ್ಲೆಯಾಗಿ ಕೂತಿದ್ದವು. ಪಕ್ಕದಲ್ಲೇ ನಂದಾದೀಪ.

“ಬಿಚ್ಚಿ ನೋಡಿದ್ದೀರಾ, ಅಮ್ಮ?” ಎಂದೆ.

“ಅಯ್ಯೋ ಮೇಷ್ಟ್ರೇ, ನಮ್ಮ ಮಾವನವರ ಕಾಲದಿಂದ ಪೂಜೆ ಮಾಡಿಕೊಂಡು ಬಂದಿದೀವಿ. ಬಿಚ್ಚಿದರೆ ಮನೆಗೆ ಆಗಿಬರಲ್ಲ ಅಂತಾರೆ.”

“ದೇವರಿಗಾದರೆ ದಿನಾ ಅಭಿಷೇಕ ಮಾಡಿ ಮೈ ಒರಸುತ್ತೀರಿ. ಈ ಸರಸ್ವತಿ ಎಷ್ಟು ವರ್ಷದಿಂದ ಉಸಿರು ಕಟ್ಟಿಕೊಂಡು ಕೂತಿದ್ದಾಳೋ, ಪಾಪ!”

ಆಕೆ ನಕ್ಕರು. ಒಂದು ಒಳ್ಳೆಯ ದಿನ ನೋಡಿ ಬಿಚ್ಚುವುದಕ್ಕೆ ಒಪ್ಪಿದರು. ಮೇಲಣ ಏಳೆಂಟು ಗರಿಗಳು ದೀಪದ ಎಣ್ಣೆಯೂ ಕುಂಕುಮದ ನೀರೂ ಸೇರಿ ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗಿದ್ದವು. ಒಳಗಿನವು ಅದೃಷ್ಟವಶಾತ್ ಚೆನ್ನಾಗಿದ್ದವು. ಲಕ್ಷ್ಮೀಶನ ಜೈಮಿನಿ ಭಾರತದ ಪ್ರತಿ ಅದು. ಕೊನೆಯಲ್ಲಿ ಲಿಪಿಕಾರನ ಹೆಸರು, ಸಂವತ್ಸರ, ಮಾಸ, ತಿಥಿ. ಅದಾದ ಮೇಲಿನ ಬರಿಯ ಗರಿಗಳಲ್ಲಿ ಯಾರಿಗೆ ಎಷ್ಟು ಖಂಡುಗ ಭತ್ತ ಕಡ ಕೊಟ್ಟಿತ್ತು ಎಂಬ ಲೆಕ್ಕ! ಜೈಮಿನಿ ಭಾರತ ನೂರಾರು ಕಡೆ ಸಿಗುತ್ತದೆ; ಆ ಊರಿನ ಆ ಲೆಕ್ಕ ಇನ್ನೆಲ್ಲಿಯೂ ಸಿಗುವುದಿಲ್ಲ. ಆಕೆಗೆ ಭಾರತಕ್ಕಿಂತ ಲೆಕ್ಕವೇ ಹೆಚ್ಚು ಸಂತೋಷ ಕೊಟ್ಟಿತು. ಅದರಲ್ಲಿದ್ದ ಹೆಸರುಗಳೆಲ್ಲ ಅಕ್ಕಪಕ್ಕದ ಮನೆತನಗಳವೇ.

ಆದ್ದರಿಂದ ಪೂಜಿಸಬೇಡಿ ಎಂದು ನಾನು ಹೇಳುವುದಿಲ್ಲ. ಕುಂಕುಮವನ್ನು ಪುಸ್ತಕದ ಮುಂದೆ ಒಂದು ತಟ್ಟೆಯಲ್ಲಿಡಿ, ದೀಪವನ್ನು ಮಾರು ದೂರದಲ್ಲಿಡಿ. ಹಿಂದಿನ ಲಿಪಿಕಾರರೇ ಗ್ರಂಥದ ಕೊನೆಯಲ್ಲಿ, ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ತನ್ನನ್ನು ಕಾಪಾಡಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಬರೆಯುವ ವಾಡಿಕೆ ಇಟ್ಟುಕೊಂಡಿದ್ದರು. ಮೂರ್ಖರ ಕೈಗೆ ಕೊಡಬೇಡಿ ಎಂಬುದೂ ಅದರೊಡನೆ ಸೇರಿಕೊಂಡಿರುತ್ತಿತ್ತು!

ಓಲೆಗರಿಗಳಲ್ಲಿ ಎರಡು ಜಾತಿ. ಶ್ರೀತಾಳೆಯ ಗರಿ ತೆಳು, ಅಗಲ, ಬಾಗಿಸಿದರೆ ಬಾಗುವಂಥದು. ಸಾಮಾನ್ಯ ತಾಳೆಯ ಗರಿ ದಪ್ಪ, ಗಡುಸು. ಹುಳುವಿನ ಕಾಟವೂ ಇದಕ್ಕೇ ಹೆಚ್ಚು. ಕಬ್ಬಿಣದ ಕಂಟದಿಂದ ಕೊರೆದು, ಅನಂತರ ಮಸಿ ತೊಡೆದು ಒರಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ; ಓಲೆಯ ಬರಹದ ಮರ್ಮ ಇಷ್ಟೆ. ಮಸಿ ಹೋಗಿ ಅಕ್ಷರ ಕಾಣದಿದ್ದಾಗ ಕೆಲವರು ಸೀಮೆಸುಣ್ಣದ ಪುಡಿಯನ್ನು ಉಜ್ಜುತ್ತಾರೆ. ಸಲ್ಲದು. ಕತ್ತಲ ಕೋಣೆಯಲ್ಲಿ ಗರಿಯ ಪಕ್ಕದಿಂದ, ಓರೆಯಾಗಿ, ಒಂದು ಟಾರ್ಚಿನ ಬೆಳಕು ಬಿಡಿ. ಕೊರೆದ ಗೆರೆಗಳ ನೆರಳಿನಿಂದಲೇ ಅಕ್ಷರಗಳು ಎದ್ದು ಕಾಣುತ್ತವೆ. ಕೈಗೆ ಖರ್ಚಿಲ್ಲ, ಗರಿಗೆ ಅಪಾಯವಿಲ್ಲ.

ಬಿಚ್ಚುವ ಕ್ರಮವನ್ನೂ ಹೇಳುತ್ತೇನೆ. ಮಳೆಗಾಲದಲ್ಲಿ ಬೇಡ; ಮಹಾನವಮಿಯ ಆಸುಪಾಸಿನ ಒಣ ಹವೆ ಒಳ್ಳೆಯದು. ಗರಿಗಳನ್ನು ನೆರಳಿನಲ್ಲಿ ಗಾಳಿಗಿಡಿ, ಬಿಸಿಲಿಗೆ ಹಾಕಬೇಡಿ. ಮೆತ್ತನೆಯ ಒಣ ಕುಂಚದಿಂದ ನಡುವಿನಿಂದ ಅಂಚಿಗೆ ಧೂಳು ತೆಗೆಯಿರಿ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಬಿಡಿಸುವ ಸಾಹಸ ಬೇಡವೇ ಬೇಡ. ಅದು ಬಲ್ಲವರ ಕೆಲಸ. ಮುರಿದ ಗರಿಗೆ ಅಂಗಡಿಯ ಅಂಟುಪಟ್ಟಿ ಹಚ್ಚುವುದು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಲ್ಯಾಮಿನೇಷನ್ ಮಾಡಿಸುವುದು, ಇವೆರಡೂ ಹುಳುವಿಗಿಂತ ಕೇಡು. ಹುಳು ತಿಂದ ಮೇಲೆ ಏನಾದರೂ ಉಳಿಯುತ್ತದೆ. ನಿಂಬೆಹುಲ್ಲಿನ ಎಣ್ಣೆಯನ್ನು ಗ್ರಂಥಾಲಯಗಳಲ್ಲಿ ಹಚ್ಚುವುದುಂಟು, ಅದು ಆರಿಹೋಗುವ ಎಣ್ಣೆ. ದೀಪದ ಎಣ್ಣೆಯಂತೆ ನಿಂತು ಧೂಳನ್ನು ಕೂಡಿಸಿಕೊಳ್ಳುವುದಿಲ್ಲ. ಆದರೂ ಕಂಟದಿಂದ ಕೊರೆದ ಓಲೆಗೆ ಮಾತ್ರ, ಅದೂ ಒಂದು ತೊಟ್ಟು ಅರಳೆಯಲ್ಲಿ. ಶಾಯಿಯಿಂದ ಬರೆದ ಓಲೆಗೂ ಚಿತ್ರವಿರುವ ಓಲೆಗೂ ಕಾಗದಕ್ಕೂ ಅದನ್ನು ಮುಟ್ಟಿಸಲೇಬಾರದು.

ಗರಿಗಳಿಗಿಂತ ತುಸು ದೊಡ್ಡದಾದ ಎರಡು ಮರದ ಹಲಗೆಗಳ ನಡುವೆ ಇಟ್ಟು ಕಟ್ಟಬೇಕು. ಸಡಿಲವಾದರೆ ಗರಿಗಳು ಒಂದನ್ನೊಂದು ಉಜ್ಜಿ ಸವೆಯುತ್ತವೆ; ಬಿಗಿಯಾದರೆ ದಾರ ಅಂಚನ್ನು ಕುಯ್ಯುತ್ತದೆ. ಸುತ್ತುವ ಬಟ್ಟೆ ಹತ್ತಿಯದಾಗಿರಲಿ. ಹೊಸ ಬಟ್ಟೆಯನ್ನು ಹಾಗೆಯೇ ಸುತ್ತಬೇಡಿ. ಅದರ ಗಂಜಿ ಹುಳುಗಳಿಗೆ ಹಬ್ಬದೂಟ. ಎರಡು ಮೂರು ಸಲ ಬಣ್ಣ ಬಿಡದಂತೆ ಒಗೆದು, ಚೆನ್ನಾಗಿ ಒಣಗಿಸಿ ಸುತ್ತಿ. ಬಜೆಯ ಬೇರಿನ ಪುಡಿಯನ್ನು ಸಣ್ಣ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡುವುದು ನಮ್ಮವರ ಹಳೆಯ ಉಪಾಯ. ಅದರ ವಾಸನೆ ಹೋದೊಡನೆ ಬದಲಾಯಿಸಬೇಕು. ನ್ಯಾಫ್ತಲೀನ್ ಗುಳಿಗೆ ಮನುಷ್ಯರಿಗೇ ಒಳ್ಳೆಯದಲ್ಲ. ಪ್ಲಾಸ್ಟಿಕ್ ಚೀಲವಂತೂ ಒಳಗಿನ ತೇವವನ್ನು ಒಳಗೇ ಇಟ್ಟು ಬೂಷ್ಟು ಬೆಳೆಸುತ್ತದೆ. ತೇವವನ್ನು ಅಳೆಯುವ ಸಣ್ಣ ಯಂತ್ರಗಳು ಈಗ ಕಡಮೆ ಬೆಲೆಗೇ ಸಿಗುತ್ತವೆ. ಪೆಟ್ಟಿಗೆಯ ಬಳಿ ಒಂದನ್ನಿಟ್ಟು, ನೂರಕ್ಕೆ ಅರವತ್ತನ್ನು ದಾಟಿ ಮೇಲೇರುತ್ತಿದ್ದರೆ ಜಾಗ ಬದಲಾಯಿಸಬೇಕೆಂದು ತಿಳಿಯಿರಿ.

ಕಡತದ ವಿಷಯ ಇನ್ನೂ ಸೂಕ್ಷ್ಮ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಹಲಗೆಯಂತೆ ಗಟ್ಟಿ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಮತ್ತೆ ಬರೆಯಲೆಂದೇ ಮಾಡಿದ್ದು. ಶೃಂಗೇರಿಯ ಮಠದ ಕಡತಗಳು ಇತಿಹಾಸಕಾರರಿಗೆ ಪ್ರಸಿದ್ಧವಾದವು. ನಿಮ್ಮ ಮನೆಯಲ್ಲೊಂದಿದ್ದರೆ ಧೂಳು ಒರಸುವುದಕ್ಕೂ ಹೋಗಬೇಡಿ. ಧೂಳಿನೊಡನೆ ಮೂರು ತಲೆಮಾರಿನ ಬರಹವೂ ಒರಸಿಹೋದೀತು. ಮೊದಲು ಚಿತ್ರ ತೆಗೆಯಿರಿ.

ಚಿತ್ರ ತೆಗೆಯುವುದು ಇಂದು ಸುಲಭವಾಗಿದೆ. ಮೊಬೈಲು ಇಲ್ಲದ ಮನೆ ವಿರಳ. ಗರಿಯ ಎರಡು ಮಗ್ಗುಲನ್ನೂ, ಗರಿಯ ಅಂಕಿ ಕಾಣುವಂತೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಮಿಂಚಿನ ದೀಪವಿಲ್ಲದೆ, ಕಿಟಕಿಯ ಹಗಲ ಬೆಳಕಿನಲ್ಲಿ ತೆಗೆಯಬೇಕು. ಪ್ರತಿಯಿಂದ ಏನು ಸಾಧ್ಯವೆಂಬುದಕ್ಕೆ ಮೂಡಬಿದಿರೆಯನ್ನು ನೋಡಿ. ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಅಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳು. ಭಕ್ತರು ಬಂದು ಕೈಮುಗಿದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸಕ್ಕೆ ಕೈಹಾಕಿದರು, 1939ರಲ್ಲಿ ಧವಳದ ಮೊದಲ ಸಂಪುಟ ಅಚ್ಚಾಯಿತು. ಅಷ್ಟು ವರ್ಷ ಅವುಗಳನ್ನು ಕಾಪಾಡಿದ ಬಸದಿಯವರನ್ನು ಎಷ್ಟು ಹೊಗಳಿದರೂ ಕಡಮೆಯೇ. ಆದರೆ ಓದು ಆರಂಭವಾದದ್ದು ಪ್ರತಿಯಾದ ಮೇಲೆ.

ಇನ್ನು ಲೋಹ. ಇಲ್ಲಿ ಗೃಹಿಣಿಯರೊಡನೆ ನನ್ನ ಸಣ್ಣ ಜಗಳವಿದೆ. ಹುಣಿಸೆಹಣ್ಣು ಹಾಕಿ ಫಳಫಳ ಬೆಳಗುವುದು ದಿನಬಳಕೆಯ ಹಿತ್ತಾಳೆಗೆ ಸರಿ. ನೂರೈವತ್ತು ವರ್ಷದ ಕಂಚಿನ ದೀಪಕ್ಕೂ ತಾಮ್ರಶಾಸನಕ್ಕೂ ಅದೇ ಉಪಚಾರ ನಡೆದರೆ ಹುಳಿ ಪ್ರತಿಸಲವೂ ಲೋಹದ ಒಂದು ಪದರವನ್ನು ತಿನ್ನುತ್ತದೆ. ದೀಪದ ಕಾಲಿನಲ್ಲಿ ಕೊರೆದ ದಾನಿಯ ಹೆಸರು, ವಿಗ್ರಹದ ಮೂಗು, ತಾಮ್ರದ ಹಲಗೆಯ ಸಾಲುಗಳು ಹೀಗೆ ಸವೆದುಹೋದುದನ್ನು ಎಷ್ಟೋ ಕಡೆ ಕಾಣಬಹುದು. ಕಾಲದಿಂದ ಬಂದ ಕಂದು ಬಣ್ಣ ಕೊಳೆಯಲ್ಲ. ಅದು ಲೋಹ ತಾನೇ ಹೊದ್ದುಕೊಂಡ ಕಂಬಳಿ. ಒಣ ಬಟ್ಟೆಯಿಂದ ಒರಸಿ, ಅಷ್ಟೇ ಸಾಕು. ಆದರೆ ಕಂಚಿನ ಮೇಲೆ ಅಲ್ಲಲ್ಲಿ ತಿಳಿಹಸಿರಿನ ಪುಡಿ ಏಳುತ್ತಿದ್ದರೆ ಎಚ್ಚರ. ಉಪ್ಪಿನಂಶವೂ ತೇವವೂ ಕೂಡಿ ಲೋಹವನ್ನು ಒಳಗಿನಿಂದ ಕೊರೆಯುವ ರೋಗ ಅದು. ಅಂಥದನ್ನು ಬೇರೆಯಾಗಿ, ಒಣಜಾಗದಲ್ಲಿ ಇಟ್ಟು ಬಲ್ಲವರಿಗೆ ತೋರಿಸಬೇಕು. ಕರಾವಳಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಾಣ್ಯಗಳ ಮಾತಂತೂ ಹೇಳಬೇಕಾಗಿಯೇ ಇಲ್ಲ. ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆಯೇ ಇಲ್ಲ.

ಚಿತ್ರಪಟಗಳನ್ನು ಹೊರಗೋಡೆಗೆ ತೂಗುಹಾಕುವುದು ಸಾಮಾನ್ಯ. ಮಳೆಗಾಲದಲ್ಲಿ ಆ ಗೋಡೆಯೇ ಮೊದಲು ನೆನೆಯುವುದು. ಒಳಗೋಡೆಗೆ ಹಾಕಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡುಗಳನ್ನು ಅಂಟಿಸಿದರೆ ಗಾಳಿ ಆಡುತ್ತದೆ. ಹಲ್ಲಿ ಜಿರಲೆಗಳ ಸಂಸಾರವೂ ತಪ್ಪುತ್ತದೆ. ಮೈಸೂರು ಪಟದಲ್ಲಿ ಆಭರಣಗಳನ್ನು ಸರಿ ಹಾಕಿ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಒದ್ದೆ ಬಟ್ಟೆ ತಗುಲಿದರೆ ಆ ಉಬ್ಬು ಕರಗುತ್ತದೆ, ಗಾಜು ತಾಗಿದರೆ ಅಂಟಿಕೊಳ್ಳುತ್ತದೆ. ಗಾಜಿಗೂ ಪಟಕ್ಕೂ ನಡುವೆ ಸ್ವಲ್ಪ ಎಡೆ ಬಿಡುವಂತೆ ಕಟ್ಟು ಹಾಕುವವನಿಗೆ ನಿಂತು ಹೇಳಿ ಮಾಡಿಸಬೇಕು.

ಎಲ್ಲಕ್ಕೂ ದೊಡ್ಡ ಶತ್ರು ಬೆಳಕು. ಇದನ್ನು ಬಹುಮಂದಿ ನಂಬುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಕಾಗದ, ಬಟ್ಟೆ, ಜಲವರ್ಣದ ಚಿತ್ರಗಳಿಗೆ ಐವತ್ತು ಲಕ್ಸ್‌ನಷ್ಟು ಮಂದ ಬೆಳಕನ್ನು ಮಾತ್ರ ಬಿಡುತ್ತಾರೆ. ನಮ್ಮ ಅಂಗಳದ ಮಧ್ಯಾಹ್ನದ ಬೆಳಕು ಅದರ ಸಾವಿರ ಪಾಲಿಗೂ ಮಿಕ್ಕಿದ್ದು. ಕಿಟಕಿಯ ಎದುರಿಗೆ ಗಾಜಿನ ಕಪಾಟನ್ನಿಟ್ಟು, ಸಾಲದೆಂದು ಒಳಗೂ ದೀಪಗಳನ್ನು ಕೂರಿಸಿದರೆ, ಬಣ್ಣ ದಿನದಿನಕ್ಕೂ ಮಾಸುತ್ತದೆ, ಒಳಗಿನ ಗಾಳಿ ಹಗಲು ಕಾದು ರಾತ್ರಿ ತಣಿದು ಮರವನ್ನು ಸೀಳುತ್ತದೆ. ಮಾಸಿದ ಬಣ್ಣವನ್ನು ಯಾವ ವೈದ್ಯನೂ ಮರಳಿ ತರಲಾರ.

ಹಾಗಾದರೆ ತೋರಿಸುವುದೇ ಬೇಡವೆ? ಬೇಕು. ತೋರಿಸದ ವಸ್ತುವಿನ ಮೇಲೆ ಮಕ್ಕಳಿಗೆ ಅಕ್ಕರೆ ಹುಟ್ಟುವುದಿಲ್ಲ. ಇಲ್ಲಿಯೇ ನಾನು ಮೊದಲಲ್ಲಿ ಹೇಳಿದ ಅಜ್ಜಿಯಂದಿರ ದಾರಿ ಬರುವುದು. ಗೊಂಬೆ ಹಬ್ಬವನ್ನು ನೆನೆಯಿರಿ. ಪಟ್ಟದ ಗೊಂಬೆಗಳೂ ಚನ್ನಪಟ್ಟಣದ, ಕಿನ್ನಾಳದ ಗೊಂಬೆಗಳೂ ವರ್ಷದ ಹನ್ನೊಂದು ತಿಂಗಳಿಗೂ ಮಿಕ್ಕು ಹಳೆಯ ಪಂಚೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿಸಿಕೊಂಡು ಕತ್ತಲ ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ನವರಾತ್ರಿಗೆ ಹೊರಬರುತ್ತವೆ; ಧೂಳು ಒರಸಿಸಿಕೊಂಡು, ಮುರಿದುದೇನೆಂದು ಪರೀಕ್ಷೆಗೊಂಡು, ಮೆಟ್ಟಿಲುಗಳ ಮೇಲೆ ಕುಳಿತು, ಊರ ಮಕ್ಕಳಿಗೆಲ್ಲ ಮುಖ ತೋರಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಒಳಗೆ. ಮೆತ್ತನೆಯ ಹಳೆಯ ಹತ್ತಿಬಟ್ಟೆ, ಕತ್ತಲೆ, ವರ್ಷಕ್ಕೊಮ್ಮೆ ತಪಾಸಣೆ, ಕೆಲವು ದಿನದ ದರ್ಶನ. ಸಂಗ್ರಹಾಲಯದ ತಜ್ಞರು ಇಂದು ಉಪದೇಶಿಸುವುದರಲ್ಲಿ ಮುಖ್ಯವಾದುದೆಲ್ಲ ಇಷ್ಟರಲ್ಲೇ ಇದೆ. ಮನೆಯ ಇತರ ವಸ್ತುಗಳಿಗೂ ಇದನ್ನೇ ಅನ್ವಯಿಸಬಹುದು. ಸಂಗ್ರಹದಲ್ಲಿ ನಲವತ್ತು ವಸ್ತುಗಳಿದ್ದರೆ ಒಂದು ಹೊತ್ತಿಗೆ ನಾಲ್ಕು ಹೊರಗಿರಲಿ. ಯುಗಾದಿಗೆ ಇವು, ದೀಪಾವಳಿಗೆ ಅವು. ಓಲೆಯ ಚಿತ್ರವನ್ನು ಅಚ್ಚುಹಾಕಿಸಿ ಗೋಡೆಗೆ ಹಾಕಿ, ಓಲೆ ಪೆಟ್ಟಿಗೆಯಲ್ಲಿರಲಿ. ಕಬ್ಬಿಣದ ಅಡಕೊತ್ತು, ಕಲ್ಲಿನ ಮರಿಗೆಗಳಿಗೆ ಬೆಳಕಿನ ಭಯವಿಲ್ಲ. ಅವು ವರ್ಷವಿಡೀ ಹಜಾರದಲ್ಲಿದ್ದರೂ ಅಡ್ಡಿಯಿಲ್ಲ. ಹೊಸದಾಗಿ ತಂದ ಮರದ ವಸ್ತುವನ್ನು ಮಾತ್ರ ಒಂದು ತಿಂಗಳು ಬೇರೆಯಾಗಿಟ್ಟು, ಕೆಳಗೆ ಬಿಳಿಯ ಕಾಗದ ಹಾಸಿ ನೋಡಿ. ಕಾಗದದ ಮೇಲೆ ಮರದ ಹುಡಿ ಉದುರಿದರೆ ಒಳಗೆ ಹುಳುವಿದೆ.

ತೋರಿಸುವುದೆಂದರೆ ಇಡುವುದಷ್ಟೇ ಅಲ್ಲ, ಹೇಳುವುದು ಕೂಡ. ಪುಣೆಯಲ್ಲಿ ದಿನಕರ ಕೇಳಕರ ಎಂಬ ಕವಿ, ತೀರಿಹೋದ ಮಗ ರಾಜನ ನೆನಪಿಗೆಂದು, ದೀಪ, ಅಡಕೊತ್ತು, ಬಾಚಣಿಗೆ, ಅಡುಗೆಮನೆಯ ಪಾತ್ರೆಗಳನ್ನು ದಶಕಗಳ ಕಾಲ ಕೂಡಿಹಾಕಿದರು. ಅವರ ಮನೆಯ ಸಂಗ್ರಹ ಬೆಳೆದು ಸಾವಿರಾರು ವಸ್ತುಗಳ ಸಾರ್ವಜನಿಕ ಸಂಗ್ರಹಾಲಯವಾಯಿತು. ನಾವು ಅಷ್ಟು ಮಾಡಲಾರೆವು. ಒಂದು ನೋಟುಪುಸ್ತಕವನ್ನಂತೂ ಇಡಬಲ್ಲೆವು. ವಸ್ತುವಿನ ಹೆಸರು, ಅಳತೆ, ಯಾವ ಊರಿನದು, ಯಾರಿಂದ ಯಾವ ವರ್ಷ ಬಂದಿತು, ಅದನ್ನು ಬಳಸುತ್ತಿದ್ದವರು ಏನೆಂದು ಕರೆಯುತ್ತಿದ್ದರು, ಇಷ್ಟನ್ನು ಬರೆಯಿರಿ. ಕೊನೆಯದು ಮುಖ್ಯ. ನನ್ನ ತರಗತಿಯ ಮಕ್ಕಳಿಗೆ ಮಾನ, ಸಿದ್ದೆ, ಸೊಲಿಗೆ ಎಂದರೆ ಪದ್ಯದಲ್ಲಿ ಬರುವ ಕಷ್ಟಪದಗಳು. ಅಳತೆಯ ಪಾತ್ರೆಯನ್ನು ಕೈಗೆ ಕೊಟ್ಟು ಅಕ್ಕಿ ಅಳೆಯಿಸಿದ ದಿನ ಆ ಮಾತುಗಳಿಗೆ ಟಿಪ್ಪಣಿ ಬೇಕಾಗಲಿಲ್ಲ. ವಸ್ತುವಿನ ಮೇಲೆ ಸಂಖ್ಯೆ ಬರೆಯುವಾಗ ಅಂಟುಚೀಟಿ ಹಚ್ಚಬೇಡಿ; ದಾರದಲ್ಲಿ ಚೀಟಿ ಕಟ್ಟಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಕೋಪ ಬರುತ್ತದೆ. ಊರ ಹೊರಗಿನ ವೀರಗಲ್ಲನ್ನೋ ಮಾಸ್ತಿಕಲ್ಲನ್ನೋ ಕಿತ್ತು ತಂದು ತೋಟದ ಶೋಭೆಗೆ ನಿಲ್ಲಿಸುವವರಿದ್ದಾರೆ. ಅದು ಸಂಗ್ರಹವಲ್ಲ. ತುರುಗೋಳಿನಲ್ಲಿ ಸತ್ತವನ ಕಲ್ಲು ಆ ಬಯಲಿನಲ್ಲಿ ನಿಂತರೆ ಮಾತ್ರ ಅದು ಆ ಊರಿನ ಚರಿತ್ರೆ. ಗುಲಾಬಿ ಕುಂಡಗಳ ನಡುವೆ ನಿಂತರೆ ಅದು ಮೂಕ.

ಕಾನೂನನ್ನೂ ತಿಳಿದಿರಬೇಕು. 1972ರಲ್ಲಿ ಅಂಗೀಕೃತವಾಗಿ 1976ರಲ್ಲಿ ಜಾರಿಗೆ ಬಂದ ಪುರಾತನ ವಸ್ತುಗಳ ಶಾಸನದಂತೆ ನೂರು ವರ್ಷ ಮೀರಿದ ವಸ್ತುಗಳೂ, ಎಪ್ಪತ್ತೈದು ವರ್ಷ ಮೀರಿದ ಬೆಲೆಯುಳ್ಳ ಹಸ್ತಪ್ರತಿಗಳೂ ಪುರಾತನ ವಸ್ತುಗಳೆನಿಸುತ್ತವೆ. ಅವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಕಲ್ಲು, ಲೋಹ, ದಂತಗಳ ಶಿಲ್ಪ, ವರ್ಣಚಿತ್ರ, ಚಿತ್ರವುಳ್ಳ ಹಸ್ತಪ್ರತಿ ಮುಂತಾದವನ್ನು ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು. ಸ್ವಂತಕ್ಕೆಂದು ಹೊರದೇಶಕ್ಕೆ ಒಯ್ಯುವಂತಿಲ್ಲ; ಪರದೇಶದಲ್ಲಿರುವ ಮಗನ ಮನೆಗೆ ಅಜ್ಜನ ಕಂಚಿನ ಗಣಪತಿಯನ್ನು ಕಳಿಸಬೇಕೆಂದಿರುವ ತಾಯಿತಂದೆಗಳು ಇದನ್ನು ನೆನಪಿಡಬೇಕು. ನೆಲ ಅಗೆಯುವಾಗ ಸಿಕ್ಕಿದ್ದು ಮನೆಯ ಸಂಗ್ರಹಕ್ಕೆ ಸೇರುವುದಿಲ್ಲ. ಅದನ್ನು ಸರ್ಕಾರಕ್ಕೆ ತಿಳಿಸಬೇಕು.

ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲವೆಂದಾದರೆ ಓಲೆಗಳನ್ನು ಹೊಳೆಗೆ ಬಿಡಬೇಡಿ, ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರಿನಲ್ಲಿ ಇಂದಿಗೂ ಇದೆ. ಹಸ್ತಪ್ರತಿಗಳನ್ನು ಕಾಪಾಡುವ ವಿಭಾಗಗಳು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿವೆ. ಕೊಡುವ ಮೊದಲು ಗರಿಗಳನ್ನು ಎಣಿಸಿ ಪಟ್ಟಿ ಮಾಡಿ, ಎರಡು ಮಗ್ಗುಲಿನ ಚಿತ್ರಗಳನ್ನೂ ತೆಗೆದಿಟ್ಟುಕೊಂಡು, ಪಡೆದವರಿಂದ ರಸೀದಿ ತೆಗೆದುಕೊಳ್ಳಿ. ಕಟ್ಟಿದ್ದ ಹಳೆಯ ಹಲಗೆಗಳನ್ನೂ ದಾರವನ್ನೂ ಅದರೊಡನೆಯೇ ಕಳಿಸಿ. ಎಷ್ಟೋ ಸಲ ಊರ ಹೆಸರನ್ನು ಬರೆದಿರುವುದು ಹಲಗೆಯ ಒಳಮಗ್ಗುಲಲ್ಲೇ.